ಇಂಗ್ಲಿಷ್ ಟೀಚರ್ ಆಗಿ ಹೊರದೇಶಕ್ಕೆ: ಉಚ್ಚಾರ ಆಮೇಲೆ, ಮೊದಲು ಪಾಸ್‌ಪೋರ್ಟು

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು. ವಯಸ್ಸು 27. ಹತ್ತರ ತನಕ ಕನ್ನಡ ಮಾಧ್ಯಮ, ಪ್ಲಸ್ ಟು ಇಲ್ಲೇ. ಬಿ.ಎ., ಎಂ.ಎ. ಇಂಗ್ಲಿಷ್ ಮಂಗಳೂರು ವಿಶ್ವವಿದ್ಯಾಲಯದಿಂದ, ಬಿ.ಎಡ್. ಕಣ್ಣೂರು ವಿಶ್ವವಿದ್ಯಾಲಯದಿಂದ. ಎರಡು ವರ್ಷದಿಂದ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರ್. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಹೋಗಬೇಕೆಂದಿದ್ದೇನೆ. ಏಜೆಂಟರೊಬ್ಬರು ಥಾಯ್ಲೆಂಡ್‌ಗೆ ಕಳಿಸುತ್ತೇನೆ, 1,80,000 ರೂಪಾಯಿ ಆಗುತ್ತದೆ, ಮೊದಲು ವಿಸಿಟ್‌ನಲ್ಲಿ ಹೋಗಿ ಆಮೇಲೆ ವೀಸಾ ಬದಲಿಸಿಕೊಳ್ಳೋಣ ಎನ್ನುತ್ತಾರೆ. ನನ್ನ ಎಂ.ಎ. ಸರ್ಟಿಫಿಕೇಟಿನ ಒರಿಜಿನಲ್ ಅವರ ಹತ್ತಿರ ಇದೆ. ಶಾರ್ಜಾದಲ್ಲಿರುವ ಚಿಕ್ಕಮ್ಮನ ಮಗಳು ಅಲ್ಲಿಗೇ ಬಾ ಎನ್ನುತ್ತಾಳೆ. ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಬೇತಿ ಎಂದು ಆನ್‌ಲೈನ್‌ನಲ್ಲಿ ಸಿಗುವ 120 ಗಂಟೆಯ ಟೆಫ್ಲ್ ಕೋರ್ಸ್ ಮಾಡಿದರೆ ಪ್ರಯೋಜನ ಇದೆಯೇ? ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ನನ್ನ ಇಂಗ್ಲಿಷಿನದೇ. ಕನ್ನಡ ಮಾಧ್ಯಮದಲ್ಲಿ ಓದಿದವಳು ಹೊರಗಿನವರಿಗೆ ಇಂಗ್ಲಿಷ್ ಕಲಿಸಲು ಹೊರಟರೆ ಕೇಳಿದವರು ನಗುವುದಿಲ್ಲವೇ?

ಉತ್ತರ: ಮೊದಲು ಒಂದು ಕೆಲಸ. ಆ ಏಜೆಂಟರ ಹತ್ತಿರ ಹೋಗಿ ನಿಮ್ಮ ಎಂ.ಎ. ಒರಿಜಿನಲ್ ವಾಪಸ್ ತನ್ನಿ. ಫೋನಿನಲ್ಲಿ ಕೇಳಬೇಡಿ, ಹೋಗಿಯೇ ಕೇಳಿ. ಅಪ್ಪನನ್ನೋ ಮಾವನನ್ನೋ ಜತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. "ಅಟೆಸ್ಟೇಶನ್‌ಗೆ ಬೇಕಲ್ಲ" ಎಂದು ಅವರು ಹೇಳಬಹುದು. ಯಾವ ಶಾಲೆ ಅಂತಲೇ ಗೊತ್ತಿಲ್ಲದಾಗ ಅಟೆಸ್ಟೇಶನ್, ಅಂದರೆ ಸರ್ಟಿಫಿಕೇಟಿಗೆ ಸರ್ಕಾರದ ದೃಢೀಕರಣ, ಯಾವುದಕ್ಕೆ? ಒರಿಜಿನಲ್ ಅವರ ಕೈಯಲ್ಲಿದ್ದರೆ ನಿಮ್ಮ ಜುಟ್ಟು ಅವರ ಕೈಯಲ್ಲಿದ್ದ ಹಾಗೆ. ಬೇಡ ಎಂದು ಹೇಳುವ ಧೈರ್ಯವೂ ಆಗ ಬರುವುದಿಲ್ಲ.

ಇನ್ನು ವಿಷಯಕ್ಕೆ ಬರೋಣ. ನೀವು ಹೆದರಿರುವುದು ಉಚ್ಚಾರಕ್ಕೆ. ಆದರೆ ಈ ಕೆಲಸದಲ್ಲಿ ನಿಮ್ಮ ಇಂಗ್ಲಿಷನ್ನು ಯಾರಾದರೂ ಕಿವಿಗೊಟ್ಟು ಕೇಳುವುದು ಬಹಳ ಆಮೇಲೆ. ಅದಕ್ಕೂ ಮೊದಲು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ನೋಡುತ್ತಾರೆ. ಆಮೇಲೆ ಡಿಗ್ರಿ, ಬಿ.ಎಡ್. ನೋಡುತ್ತಾರೆ. ಸುಮ್ನೆ ಬೇಸರ ಮಾಡಿಕೊಳ್ಳುವುದಕ್ಕಿಂತ ಇದನ್ನು ಮೊದಲೇ ತಿಳಿದುಕೊಂಡರೆ ಹಣ ಉಳಿಯುತ್ತದೆ.

ದಕ್ಷಿಣ ಕೊರಿಯಾ ನೋಡಿ. ಅಲ್ಲಿ ಇಂಗ್ಲಿಷ್ ಕಲಿಸಲು ಕೊಡುವುದು ಇ-2 ವೀಸಾ. ಅದು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ 7 ದೇಶಗಳ ಪ್ರಜೆಗಳಿಗೆ. ಭಾರತ ಮತ್ತು ಕೊರಿಯಾ ನಡುವೆ 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಲ್ಲಿ ನಮಗೊಂದು ಸಣ್ಣ ಕಿಂಡಿ ಬಿಟ್ಟಿದ್ದಾರೆ. ಇಂಗ್ಲಿಷ್ ಮುಖ್ಯ ವಿಷಯವಾಗಿ ಡಿಗ್ರಿ ಮಾಡಿ, ಶಿಕ್ಷಕರ ಅರ್ಹತೆ ಇರುವ ಭಾರತೀಯರು ಶಾಲೆಗಳಲ್ಲಿ ಸಹಾಯಕ ಟೀಚರ್ ಆಗಬಹುದು. ಕಾಗದದಲ್ಲಿ ನೀವು ಆ ಕಿಂಡಿಯಲ್ಲಿ ಹಿಡಿಸುತ್ತೀರಿ. ಆದರೆ ಟ್ಯೂಷನ್ ಸೆಂಟರ್‌ಗಳಿಗೆ ಆ ದಾರಿ ಇಲ್ಲ. "ಕೊರಿಯಾದ ಕೋಚಿಂಗ್ ಸೆಂಟರಿನಲ್ಲಿ ಕೆಲಸ" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಚೀನಾದಲ್ಲೂ ಹುಡುಕುವುದು ಮಾತೃಭಾಷೆ ಇಂಗ್ಲಿಷ್ ಆದವರನ್ನೇ.

ಜಪಾನಿನದು ಇನ್ನೊಂದು ಕಥೆ. ಅಲ್ಲಿನ ಶಾಲೆಗಳಲ್ಲಿ ವಿದೇಶಿ ಭಾಷೆ ಕಲಿಸಲು ಕೊಡುವ ವೀಸಾಕ್ಕೆ ಒಂದು ಷರತ್ತಿದೆ. ಕಲಿಸುವ ಭಾಷೆಯ ಮೂಲಕವೇ 12 ವರ್ಷ ಓದಿರಬೇಕು. ನಿಮ್ಮ ಲೆಕ್ಕ ಹಾಕಿ: ಪ್ಲಸ್ ಟು 2, ಬಿ.ಎ. 3, ಎಂ.ಎ. 2, ಬಿ.ಎಡ್. 2. ಒಟ್ಟು 9. ಮೂರು ವರ್ಷ ಸಾಲದು. ಕನ್ನಡ ಮಾಧ್ಯಮ ನಿಮಗೆ ನಿಜವಾಗಿ ಅಡ್ಡ ಬರುವುದಿದ್ದರೆ ಇಂಥ ಜಾಗದಲ್ಲಿ. ನಿಮ್ಮ ಬಾಯಿ ಅಲ್ಲಿ ಏನೂ ತಪ್ಪು ಮಾಡಿಲ್ಲ.

ಈಗ ನಿಮ್ಮ ಥಾಯ್ಲೆಂಡ್. ಅದು ಕೆಟ್ಟ ದೇಶವಲ್ಲ, ನಮ್ಮಂಥವರಿಗೆ ಬಾಗಿಲು ಹಾಕಿದ ದೇಶವೂ ಅಲ್ಲ. ಇಂಗ್ಲಿಷ್ ಮಾತೃಭಾಷೆ ಅಲ್ಲದ ಫಿಲಿಪ್ಪೀನ್ಸ್‌ನವರು ಅಲ್ಲಿ ತುಂಬಾ ಜನ ಕಲಿಸುತ್ತಿದ್ದಾರೆ. ಭಾರತೀಯರೂ ಇದ್ದಾರೆ. ಆದರೆ ಅದೇ ಕೆಲಸಕ್ಕೆ ಬಿಳಿಯರಿಗಿಂತ ಸಂಬಳ ಕಡಿಮೆ, ಅದನ್ನು ಯಾರೂ ಮುಚ್ಚಿಟ್ಟುಕೊಳ್ಳುವುದಿಲ್ಲ. ಶಾಲೆಯಲ್ಲಿ ಕಲಿಸಲು ಡಿಗ್ರಿ ಬೇಕು. ಶಿಕ್ಷಕರ ಮಂಡಳಿಯ ಲೈಸೆನ್ಸೋ ತಾತ್ಕಾಲಿಕ ಅನುಮತಿಯೋ ಬೇಕು. ಆ ಮಂಡಳಿಯ ಹೆಸರು "ಖುರುಸಫಾ". ಬಾಯಲ್ಲಿ ಎರಡು ಸಲ ಹೇಳಿ ನೋಡಿ. ನಮ್ಮ "ಗುರುಸಭಾ"ವೇ! ಟೀಚರಿಗೆ ಅಲ್ಲಿ "ಖ್ರೂ" ಅನ್ನುತ್ತಾರೆ, ಅದೂ ಗುರುವೇ. ಮಕ್ಕಳು ಗುರುಗಳಿಗೆ ಹೂ ಕೊಟ್ಟು ನಮಸ್ಕರಿಸುವ ಹಬ್ಬವನ್ನು ವಾಡಿಕೆಯಲ್ಲಿ ಗುರುವಾರವೇ ಮಾಡುತ್ತಾರೆ. ಅಷ್ಟು ದೂರ ಹೋದರೂ ವಾರದ ಲೆಕ್ಕ ಮಾತ್ರ ನಮ್ಮದೇ.

ಆದರೆ ನಿಮ್ಮ ಏಜೆಂಟರ ದಾರಿಗೆ ನಾನು ಒಪ್ಪುವುದಿಲ್ಲ. ಅಲ್ಲಿ ಕೆಲಸ ಮಾಡಲು ನಾನ್-ಇಮಿಗ್ರೆಂಟ್ ಬಿ ಎಂಬ ವೀಸಾ ಬೇಕು, ಅದರ ಜತೆಗೆ ವರ್ಕ್ ಪರ್ಮಿಟ್ ಬೇಕು. ಇವೆರಡಕ್ಕೂ ಕಾಗದ ಕೊಡುವುದು ಶಾಲೆ. ಅಂದರೆ ಮೊದಲು ಶಾಲೆ ಗೊತ್ತಾಗಬೇಕು, ಆಮೇಲೆ ವೀಸಾ, ಆಮೇಲೆ ಟಿಕೆಟ್. ನಿಮ್ಮವರು ಹೇಳುತ್ತಿರುವುದು ಮೊದಲು ಟಿಕೆಟ್, ಆಮೇಲೆ ಶಾಲೆ. ವಿಸಿಟ್‌ನಲ್ಲಿದ್ದು ಪಾಠ ಮಾಡಿ ಸಿಕ್ಕಿಬಿದ್ದರೆ ದಂಡ ಕಟ್ಟಿ ಗಡೀಪಾರಾಗುವವರು ನೀವು, ಅವರಲ್ಲ.

ಹಣದ ಲೆಕ್ಕವೂ ನೋಡಿ. ನಮ್ಮ ದೇಶದಲ್ಲಿ ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಅವರು ಕೆಲಸಕ್ಕೆ ಹೋಗುವವರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ: 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ನಿಮ್ಮ ಹತ್ತಿರ ಕೇಳಿರುವುದು ಅದರ ಆರು ಪಟ್ಟು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅದರಲ್ಲಿ ಅವರ ಹೆಸರು, ನಂಬರ್ ಇದೆಯೇ ಎಂದು ನೀವೇ ಹುಡುಕಿ. ಮೊಬೈಲಿನಲ್ಲಿ ತಲೆಬುಡ ಗೊತ್ತಾಗದಿದ್ದರೆ ಹತ್ತಿರದ ಅಕ್ಷಯ ಸೆಂಟರಿನಲ್ಲಿ ಕೂತು ನೋಡಿ. ಟ್ರಾವೆಲ್ಸ್ ಬೋರ್ಡ್ ಹಾಕಿಕೊಂಡವರೆಲ್ಲ ಕೆಲಸಕ್ಕೆ ಕಳಿಸುವ ಅನುಮತಿ ಇರುವವರಲ್ಲ.

ಹೆದರಿಸಲು ಹೇಳುತ್ತಿಲ್ಲ, ಆದರೆ ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಥಾಯ್ಲೆಂಡಿನಲ್ಲಿ ಒಳ್ಳೆ ಕೆಲಸ ಎಂದು ನಂಬಿಸಿ, ಬ್ಯಾಂಕಾಕಿನಲ್ಲಿ ಇಳಿಸಿ, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಯ ಸೈಬರ್ ವಂಚನೆಯ ಅಡ್ಡೆಗಳಿಗೆ ಮಾರಿದ್ದು ನಡೆದಿದೆ. ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚ್‌ನಲ್ಲಿ ಹಾಗೆ ಸಿಕ್ಕಿಬಿದ್ದ 500ಕ್ಕೂ ಜಾಸ್ತಿ ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು. ಹೆಚ್ಚಾಗಿ ಕಂಪ್ಯೂಟರ್ ಬಲ್ಲ ಹುಡುಗರಿಗೆ ಹಾಕಿದ ಬಲೆ ಅದು. ನಿಮ್ಮ ಏಜೆಂಟರು ಅಂಥವರು ಎಂದು ನಾನು ಹೇಳುವುದಿಲ್ಲ. ಆದರೆ ಶಾಲೆಯ ಹೆಸರೇ ಇಲ್ಲದ ಕೆಲಸ, ವಿಸಿಟ್ ವೀಸಾ, ದೊಡ್ಡ ಮೊತ್ತ, ಒರಿಜಿನಲ್ ಅವರ ಕೈಯಲ್ಲಿ. ಇಷ್ಟು ಸೇರಿದ ಕಡೆ ನನ್ನ ಮಗಳನ್ನು ನಾನು ಕಳಿಸುವುದಿಲ್ಲ.

ನಿಮ್ಮ ಚಿಕ್ಕಮ್ಮನ ಮಗಳ ಮಾತು ಹೆಚ್ಚು ಸರಿ. ನಿಮಗೆ ಹೊಂದುವುದು ಗಲ್ಫೇ. ಕಾಸರಗೋಡಿನವರಿಗೆ ಗಲ್ಫ್ ಅಂದರೆ ಪಕ್ಕದ ಮನೆ ಎಂಬ ಕಾರಣಕ್ಕೆ ಹೇಳುತ್ತಿಲ್ಲ. ಅಲ್ಲಿ ನಮ್ಮ ಸಿಬಿಎಸ್‌ಇ ಪಠ್ಯ ನಡೆಸುವ ಶಾಲೆಗಳು ಬೇಕಾದಷ್ಟಿವೆ. ಆ ಶಾಲೆಗಳಿಗೆ ಬೇಕಾಗಿರುವುದು ಸರಿಯಾಗಿ ನಿಮ್ಮ ಹಾಗಿರುವವರು: ಇಂಗ್ಲಿಷ್ ಎಂ.ಎ., ಬಿ.ಎಡ್., ಕೈಯಲ್ಲಿ ಎರಡು ವರ್ಷದ ಅನುಭವ. ಅಲ್ಲಿ ಭಾರತದ ಪಾಸ್‌ಪೋರ್ಟು ಅಡ್ಡಿಯೇ ಅಲ್ಲ.

ಅಡ್ಡಿ ಇರುವುದು ಕಾಗದಗಳಲ್ಲಿ. ಗಡಿನಾಡಿನವರಿಗಂತೂ ದುಪ್ಪಟ್ಟು. ಸರ್ಟಿಫಿಕೇಟ್ ಕೊಟ್ಟ ವಿಶ್ವವಿದ್ಯಾಲಯ ಯಾವ ರಾಜ್ಯದ್ದೋ ಆ ರಾಜ್ಯದ ಸರ್ಕಾರವೇ ಅದನ್ನು ದೃಢೀಕರಿಸಬೇಕು ಎಂಬುದು ಸಾಮಾನ್ಯ ನಿಯಮ. ನಿಮ್ಮ ಬಿ.ಎಡ್. ಕಣ್ಣೂರಿನದು. ಅದಕ್ಕೆ ಕೇರಳ ಸರ್ಕಾರದ ನೋರ್ಕಾ ರೂಟ್ಸ್ ಸಂಸ್ಥೆ. ನಮಗೆ ಹತ್ತಿರದ್ದು ಕೋಝಿಕ್ಕೋಡ್ ಕಚೇರಿ. ಆನ್‌ಲೈನ್‌ನಲ್ಲಿ ಬುಕ್ ಮಾಡಿ ಬೆಳಗ್ಗಿನ ರೈಲು ಹಿಡಿದರಾಯಿತು. ಬಿ.ಎ., ಎಂ.ಎ. ಮಂಗಳೂರಿನವು. ಅವು ಕರ್ನಾಟಕದ್ದು, ಬೆಂಗಳೂರಿನ ದಾರಿ ಹಿಡಿಯಬೇಕು. 1956ರ ನವೆಂಬರ್ 1ರಂದು ಎಳೆದ ಗೆರೆ ನಿಮ್ಮ ಫೈಲಿನ ನಡುವೆಯೂ ಹಾದು ಹೋಗಿದೆ ನೋಡಿ. "ಎಲ್ಲ ಒಂದೇ ಕಡೆ ಮಾಡಿಸಿ ಕೊಡುತ್ತೇನೆ" ಎನ್ನುವವರು ಕೊರಿಯರ್ ಮಾಡುತ್ತಾರೆ ಅಷ್ಟೇ, ದಾರಿ ಅದೇ.

ರಾಜ್ಯದ ಸೀಲು ಬಿದ್ದ ಮೇಲೆ ವಿದೇಶಾಂಗ ಸಚಿವಾಲಯ. ಅಲ್ಲಿಂದ ಮುಂದೆ ದೇಶದಿಂದ ದೇಶಕ್ಕೆ ವ್ಯತ್ಯಾಸ. ಒಂದು ದೇಶದ ದೃಢೀಕರಣ ಮುದ್ರೆಯನ್ನು ಇನ್ನೊಂದು ದೇಶ ಹಾಗೆಯೇ ಒಪ್ಪುವ ಅಪಾಸ್ಟಿಲ್ ಒಪ್ಪಂದದಲ್ಲಿ ಒಮಾನ್, ಬಹ್ರೇನ್, ಸೌದಿ ಇವೆ. ಅವಕ್ಕೆ ಸಚಿವಾಲಯ ಹಾಕುವ ಅಪಾಸ್ಟಿಲ್ ಸಾಕು. ಅದರ ಸರ್ಕಾರಿ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಮಧ್ಯದವರು ಸಾವಿರಗಟ್ಟಲೆ ಕೇಳಿದಾಗ ಈ 50 ನೆನಪಿರಲಿ. ಯುಎಇ ಆ ಒಪ್ಪಂದಕ್ಕೆ ಸೇರದ ದೇಶ. ಹಾಗಾಗಿ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು, ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆಯೂ ಬೇಕು. ಅದಕ್ಕೇ ದೇಶ ಗೊತ್ತಾಗುವ ಮೊದಲು ರಾಜ್ಯದ ಹಂತ ಮಾತ್ರ ಮುಗಿಸಿಡಿ.

ಅದಕ್ಕೂ ಮೊದಲು ಹೆಸರು. ನಮ್ಮ ಕಡೆಯವರ ದೊಡ್ಡ ತಲೆನೋವು ಇದೇ. ಎಸ್ಎಸ್ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಹಿಂದೆ ಇನಿಶಿಯಲ್. ಡಿಗ್ರಿಯಲ್ಲಿ ಅದು ಹೆಸರಿನ ಮುಂದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರೋ ಮನೆಯ ಹೆಸರೋ ಸೇರಿಸಿರುತ್ತಾರೆ. ಊರಿನ ಹೆಸರಂತೂ ಒಂದು ಕಡೆ ಮಂಜೇಶ್ವರ, ಇನ್ನೊಂದು ಕಡೆ ಮಂಜೇಶ್ವರಂ. ನಮಗೆ ಇದೆಲ್ಲ ಒಂದೇ. ಶಾರ್ಜಾದ ಕೌಂಟರಿನಲ್ಲಿ ಕೂತವರಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಎಲ್ಲ ಕಾಗದಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. ವ್ಯತ್ಯಾಸ ಕಂಡರೆ ಈಗಲೇ ಸರಿ ಮಾಡಿಸಿ.

ಇನ್ನೊಂದು ವಿಚಿತ್ರ ಕೇಳಿ. ಅಂಕಪಟ್ಟಿಯಲ್ಲಿ ಇಂಟರ್ನಲ್ ಮಾರ್ಕ್ಸ್, ಎಕ್ಸ್‌ಟರ್ನಲ್ ಮಾರ್ಕ್ಸ್ ಎಂದು ಇರುತ್ತದಲ್ವಾ? ಕೆಲವು ವರ್ಷಗಳ ಹಿಂದೆ ಯುಎಇಯಲ್ಲಿ ಆ "ಎಕ್ಸ್‌ಟರ್ನಲ್" ಎಂಬುದನ್ನು ಕಾಲೇಜಿಗೇ ಹೋಗದೆ ಹೊರಗಿನಿಂದ ಪರೀಕ್ಷೆ ಬರೆದವರು ಎಂದು ಓದಿಬಿಟ್ಟರು. ರೆಗ್ಯುಲರ್ ಆಗಿ ಓದಿದ ಕೇರಳದ ಟೀಚರುಗಳು ಇದರಿಂದ ಒದ್ದಾಡಿದ್ದಾರೆ. ಆದ್ದರಿಂದ ಎರಡೂ ವಿಶ್ವವಿದ್ಯಾಲಯಗಳಿಂದ ಒಂದು ಪತ್ರ ಮಾಡಿಸಿ: ನೀವು ರೆಗ್ಯುಲರ್ ವಿದ್ಯಾರ್ಥಿ, ಬೋಧನೆಯ ಮಾಧ್ಯಮ ಇಂಗ್ಲಿಷ್, ಓದಿದ ವರ್ಷಗಳು ಇಂತಿಷ್ಟು. ಊರಿನಲ್ಲಿರುವಾಗ ಇದು ಒಂದು ದಿನದ ಅಲೆದಾಟ. ಅಲ್ಲಿಂದ ಮಾಡಿಸುವುದೆಂದರೆ ಮನೆಯವರೆಲ್ಲರ ಅಲೆದಾಟ.

ದುಬೈನಲ್ಲಿ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್, ಶಾರ್ಜಾದಲ್ಲಿ ಸ್ಪಿಯಾ. ಶಾಲೆ ನಿಮ್ಮನ್ನು ಆರಿಸಿದ ಮೇಲೆ ಇವರ ಒಪ್ಪಿಗೆಯೂ ಬೇಕು. ಅದನ್ನು ಮಾಡಿಸುವುದು ಶಾಲೆಯ ಕೆಲಸ. ವೀಸಾ ಖರ್ಚು, ನೇಮಕಾತಿ ಖರ್ಚು ಕೂಡ ಶಾಲೆಯದೇ ಎಂದು ಅಲ್ಲಿನ 2021ರ ಕಾರ್ಮಿಕ ಕಾನೂನು ಹೇಳುತ್ತದೆ. ಸಂಬಳದಲ್ಲಿ ಹಿಡಿಯುತ್ತೇವೆ ಎಂದರೆ ಒಪ್ಪಬೇಡಿ. ಪಾಸ್‌ಪೋರ್ಟನ್ನು ಶಾಲೆಯ ಆಫೀಸಿನಲ್ಲಿ ಇಟ್ಟುಕೊಳ್ಳುವುದೂ ಕಾನೂನಿಗೆ ವಿರುದ್ಧ. ನಾನು ಯುಎಇಯಲ್ಲಿ ಕಲಿಸಿದ ಮೊದಲ ಶಾಲೆಯವರು ನನ್ನ ಪಾಸ್‌ಪೋರ್ಟನ್ನು ಎರಡು ವರ್ಷ ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. "ಸೇಫ್ ಆಗಿರುತ್ತದೆ ಮಿಸ್" ಎನ್ನುತ್ತಿದ್ದರು. ಅಜ್ಜಿ ತೀರಿಹೋದಾಗ ಅದು ಕೈಗೆ ಬರಲು ಮೂರು ದಿನ ಆಯಿತು. ನಾನು ಊರು ತಲುಪುವಾಗ ಎಲ್ಲ ಮುಗಿದಿತ್ತು.

ಕಾಂಟ್ರಾಕ್ಟ್ ಓದುವಾಗ ಒಟ್ಟು ಸಂಬಳ ನೋಡಿ ಖುಷಿಪಡಬೇಡಿ, ಬೇಸಿಕ್ ಎಷ್ಟು ನೋಡಿ. ಕೆಲಸ ಬಿಡುವಾಗ ಸಿಗುವ ಗ್ರಾಚುಟಿ ಬೇಸಿಕ್ ಮೇಲೆ ನಿಂತಿದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ಎರಡು ಶಾಲೆಗಳು 4,000 ದಿರ್ಹಂ ಕೊಡುತ್ತವೆ ಎಂದುಕೊಳ್ಳಿ. ಒಂದರಲ್ಲಿ ಬೇಸಿಕ್ 2,800, ಇನ್ನೊಂದರಲ್ಲಿ 1,600, ಉಳಿದದ್ದೆಲ್ಲ ಭತ್ಯೆ. ಮೊದಲನೆಯದರಲ್ಲಿ ಐದು ವರ್ಷಕ್ಕೆ 9,800 ದಿರ್ಹಂ ಆಗುತ್ತದೆ, ಎರಡನೆಯದರಲ್ಲಿ 5,600. ನಾನು ಈ ಲೆಕ್ಕ ಕಲಿತದ್ದು ಎಂಟು ವರ್ಷ ದುಡಿದು ಹೊರಡುವ ದಿನ. ಮನೆ ಬಾಡಿಗೆ ಯಾರದು, ಬೇಸಗೆ ರಜೆಗೆ ಸಂಬಳ ಇದೆಯೇ, ಊರಿಗೆ ಟಿಕೆಟ್ ವರ್ಷಕ್ಕೊಮ್ಮೆಯೇ ಎರಡು ವರ್ಷಕ್ಕೊಮ್ಮೆಯೇ, ಇವನ್ನೂ ಕೇಳಿ. ಚಿಕ್ಕಮ್ಮನ ಮಗಳ ಮನೆಯಲ್ಲಿ ಮೊದಲ ವರ್ಷ ಉಳಿಯಬಹುದಾದರೆ ನಿಮ್ಮ ಉಳಿತಾಯದ ಚಿತ್ರವೇ ಬೇರೆ. ಶಾರ್ಜಾದಲ್ಲಿ ಸಂಬಳ ತಿನ್ನುವುದು ಬಾಡಿಗೆ.

ವಿಸಿಟ್‌ನಲ್ಲಿ ಹೋಗಿ ಇಂಟರ್‌ವ್ಯೂ ಕೊಡುವುದು ಬೇರೆ, ವಿಸಿಟ್‌ನಲ್ಲಿ ಕ್ಲಾಸ್ ತೆಗೆದುಕೊಳ್ಳುವುದು ಬೇರೆ. ಮೊದಲನೆಯದನ್ನು ಎಷ್ಟೋ ಜನ ಮಾಡುತ್ತಾರೆ. ಎರಡನೆಯದಕ್ಕೆ "ಒಂದು ತಿಂಗಳು ಸುಮ್ನೆ ಸಹಾಯ ಮಾಡಿ" ಎಂದು ಕರೆದರೂ ಹೋಗಬೇಡಿ.

ಮಾಲ್ದೀವ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ಶುರು ಮಾಡಿದ್ದು ಅಲ್ಲಿ. ಅಲ್ಲಿ ಶಾಲೆಗಳ ಬೋಧನಾ ಮಾಧ್ಯಮವೇ ಇಂಗ್ಲಿಷ್. ಹೊರಗಿನ ಟೀಚರುಗಳಲ್ಲಿ ಭಾರತದವರು ಬಹಳ. ಸಣ್ಣ ದ್ವೀಪ ಸಿಕ್ಕಿದರೆ ನೀರು, ತರಕಾರಿ, ಒಂಟಿತನ ಮೂರೂ ಕಷ್ಟ. ಆದರೆ ಬಾಡಿಗೆ ಇಲ್ಲದ ಮನೆ ಸಿಕ್ಕಿದರೆ ಕೈಯಲ್ಲಿ ಹಣ ನಿಲ್ಲುತ್ತದೆ. ಇಂಗ್ಲೆಂಡಿನ ಮಾತು ಬಂದರೆ ಒಂದೇ ಎಚ್ಚರಿಕೆ. 2023ರಿಂದ ಭಾರತದ ಶಿಕ್ಷಕರೂ ಅಲ್ಲಿನ ಕ್ಯೂಟಿಎಸ್ ಎಂಬ ಶಿಕ್ಷಕ ಅರ್ಹತೆಗೆ ಅರ್ಜಿ ಹಾಕಬಹುದು. ಆದರೆ ಅದು ಗಣಿತ, ವಿಜ್ಞಾನ ಮತ್ತು ಭಾಷೆಗಳನ್ನು ಕಲಿಸುವವರಿಗೆ. ಅಲ್ಲಿ ಭಾಷೆ ಎಂದರೆ ಫ್ರೆಂಚ್, ಸ್ಪ್ಯಾನಿಷ್‌ನಂಥವು. ಇಂಗ್ಲಿಷರಿಗೆ ಇಂಗ್ಲಿಷ್ ಕಲಿಸಲು ಕರೆಯುತ್ತಿಲ್ಲ.

ಟೆಫ್ಲ್ ಕೋರ್ಸಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವೇ. ಆನ್‌ಲೈನ್‌ನಲ್ಲಿ ಮಾರುವ 120 ಗಂಟೆಯ ಸರ್ಟಿಫಿಕೇಟುಗಳಿಗೆ ಹೇಳುವವರು ಕೇಳುವವರು ಇಲ್ಲ. ಯಾರು ಬೇಕಾದರೂ ಛಾಪಿಸಬಹುದು. ಮಾಡಿದವರು ಒಂದು ಮಗುವಿನ ಮುಂದೆಯೂ ನಿಂತಿರುವುದಿಲ್ಲ. ನೀವು ಬಿ.ಎಡ್.ನಲ್ಲಿ ವಾರಗಟ್ಟಲೆ ಶಾಲೆಗೆ ಹೋಗಿ ಪಾಠ ಮಾಡಿದವರು. ಸಿಬಿಎಸ್‌ಇ ಶಾಲೆಗೆ ಅದೇ ಮುಖ್ಯ. ಮುಂದೆ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಭಾಷಾ ಸಂಸ್ಥೆಗೋ ಕಾಲೇಜಿಗೋ ಹೋಗುವ ಆಸೆ ಇದ್ದರೆ ಆಗ ಕೇಂಬ್ರಿಜ್‌ನ ಸೆಲ್ಟಾ ಕೋರ್ಸ್ ಮಾಡಿ. ಅದರಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ 6 ಗಂಟೆ ಪಾಠ ಮಾಡಬೇಕು, ಹಿಂದೆ ಕೂತವರು ಬರೆದುಕೊಳ್ಳುತ್ತಿರುತ್ತಾರೆ. ಖರ್ಚು ಲಕ್ಷ ದಾಟುತ್ತದೆ. ಈಗಲೇ ಬೇಡ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಕೂಡ ಹಾಗೇ, ಅಂಕಕ್ಕೆ ಎರಡೇ ವರ್ಷ ಆಯುಸ್ಸು. ಯಾರಾದರೂ ಕೇಳಿದ ಮೇಲೆ ಬರೆಯಿರಿ.

ಈಗ ನಿಮ್ಮ ಹೆದರಿಕೆಗೆ ಬರುತ್ತೇನೆ.

ನಾನೂ ಕನ್ನಡ ಮಾಧ್ಯಮದವಳೇ. ಶಾರ್ಜಾದಲ್ಲಿ ನನ್ನ ಎರಡನೇ ಶಾಲೆಯಲ್ಲಿ ಅರಬ್ ಮಕ್ಕಳೇ ಜಾಸ್ತಿ. ಅರಬ್ಬಿಯಲ್ಲಿ "ಪ" ಇಲ್ಲ. ಮಕ್ಕಳು ಪೆನ್ಸಿಲ್‌ಗೆ "ಬೆನ್ಸಿಲ್" ಎನ್ನುತ್ತಿದ್ದರು. ತರಬೇತಿಗೆ ಬಂದವರು ಒಂದು ಉಪಾಯ ಹೇಳಿಕೊಟ್ಟರು. ಬಾಯಿಯ ಮುಂದೆ ಕಾಗದದ ಪಟ್ಟಿ ಹಿಡಿದು "ಪೆನ್" ಎನ್ನಬೇಕು, ಕಾಗದ ಹಾರಬೇಕು. "ಬೆನ್" ಎಂದರೆ ಹಾರುವುದಿಲ್ಲ. ನಾನು ಕ್ಲಾಸಿನಲ್ಲಿ ಹಿಡಿದು "ಪೆನ್" ಎಂದೆ. ಕಾಗದ ಅಲುಗಲೇ ಇಲ್ಲ! ಮಕ್ಕಳು ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಯೋಚಿಸಿದೆ. ನಮ್ಮ "ಪ" ಅಲ್ಪಪ್ರಾಣ. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬರುವ ಆ ಅಕ್ಷರ ಉಸಿರು ತುಂಬಿದ್ದು, ನಮ್ಮ ಮಹಾಪ್ರಾಣಕ್ಕೆ ಹತ್ತಿರ. ಒಂದನೇ ಕ್ಲಾಸಿನ ಮಾಷ್ಟ್ರು ಬೆತ್ತ ಹಿಡಿದು ಕಲಿಸಿದ ಅಲ್ಪಪ್ರಾಣ, ಮಹಾಪ್ರಾಣ ಅಷ್ಟು ವರ್ಷದ ಮೇಲೆ ಶಾರ್ಜಾದಲ್ಲಿ ಕೆಲಸಕ್ಕೆ ಬಂತು. ಮರುದಿನ ಕಾಗದ ಹಾರಿತು.

ಮಕ್ಕಳು "ಐ ಟೀಚರ್", "ಶಿ ಹ್ಯಾಪಿ" ಎಂದು ಬರೆಯುತ್ತಿದ್ದರು. ಇಂಗ್ಲಿಷ್ ಮಾತ್ರ ಗೊತ್ತಿದ್ದ ನನ್ನ ಸಹೋದ್ಯೋಗಿಗೆ ಅದು ಯಾಕೆಂದು ಅರ್ಥವಾಗುತ್ತಿರಲಿಲ್ಲ. ನನಗೆ ಆಗುತ್ತಿತ್ತು. ನಾವು "ನಾನು ಟೀಚರ್" ಎನ್ನುತ್ತೇವೆ. ಅದರಲ್ಲಿ "ಆಮ್" ಎಲ್ಲಿದೆ? ಅರಬ್ಬಿಯಲ್ಲೂ ಇಲ್ಲ. "ಎ", "ದಿ" ಎಲ್ಲಿ ಹಾಕಬೇಕೆಂದು ಕನ್ನಡದವರು ಒದ್ದಾಡುವ ಹಾಗೆಯೇ ಥಾಯ್ ಮಕ್ಕಳೂ ಒದ್ದಾಡುತ್ತಾರೆ, ಅವರ ಭಾಷೆಯಲ್ಲೂ ಅವಿಲ್ಲ. ಮನೆಯಲ್ಲಿ ಒಂದು, ಬಸ್ಸಿನಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಭಾಷೆ ಆಡಿ ಬೆಳೆದ ಕಾಸರಗೋಡಿನವರಿಗೆ ಇದೆಲ್ಲ ಪಾಠ ಹೇಳಿಕೊಡದೆ ಬರುತ್ತದೆ.

ಹಾಗೆಂದು ತಿದ್ದಿಕೊಳ್ಳಲು ಏನೂ ಇಲ್ಲ ಎಂದಲ್ಲ. ನಮ್ಮವರು "ಎಂಡ್" ಅನ್ನು "ಯೆಂಡ್" ಎನ್ನುತ್ತೇವೆ, "ಓನ್ಲಿ" ಅನ್ನು "ವೋನ್ಲಿ" ಎನ್ನುತ್ತೇವೆ. ಅದಕ್ಕಿಂತ ದೊಡ್ಡ ತೊಂದರೆ ಒತ್ತು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮಪಾಲು. ಇಂಗ್ಲಿಷಿನಲ್ಲಿ ಒಂದಕ್ಕೆ ಒತ್ತು, ಉಳಿದವು ಮುದುಡುತ್ತವೆ. ಅವರು "ಹೋಟೆಲ್" ಎನ್ನುವಾಗ ಭಾರ ಬೀಳುವುದು "ಟೆಲ್" ಮೇಲೆ. ನಾವು ಸರಿಯಾಗಿ ಅದನ್ನೇ ನುಂಗಿ "ಹೋಟ್ಲು" ಮಾಡಿದ್ದೇವೆ. ಹೊಸ ಪದ ಕಲಿಯುವಾಗ ನಿಘಂಟಿನಲ್ಲಿ ಒತ್ತಿನ ಗುರುತು ನೋಡುವ ಅಭ್ಯಾಸ ಮಾಡಿ. ಮಾತಿನಲ್ಲಿ "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್", "ಡಿಸ್ಕಸ್ ಅಬೌಟ್" ನುಸುಳದ ಹಾಗೆ ನೋಡಿಕೊಳ್ಳಿ. "ಪಾಸ್ಡ್ ಔಟ್ ಇನ್ 2021" ಎಂದು ರೆಸ್ಯೂಮಿನಲ್ಲಿ ಬರೆಯಬೇಡಿ. ಇಂಗ್ಲಿಷರ ಕಿವಿಗೆ ಅದು ಆ ವರ್ಷ ತಲೆ ತಿರುಗಿ ಬಿದ್ದೆ ಎಂದು ಕೇಳುತ್ತದೆ.

ನಿಜವಾದ ಪರೀಕ್ಷೆ ಡೆಮೊ ಕ್ಲಾಸ್. ಹದಿನೈದು ನಿಮಿಷ ಕೊಡುತ್ತಾರೆ. ನಮ್ಮವರು ಅಲ್ಲಿ ಸೋಲುವುದು ಇಂಗ್ಲಿಷಿನಲ್ಲಿ ಅಲ್ಲ, ಜಾಸ್ತಿ ಮಾತಾಡಿ. ನಾವು ಕಲಿತದ್ದೇ ಹಾಗೆ: ಟೀಚರ್ ಹೇಳುತ್ತಾ ಹೋಗುವುದು, ಕೊನೆಗೆ "ಅರ್ಥ ಆಯ್ತಾ?" ಎನ್ನುವುದು, ಇಡೀ ಕ್ಲಾಸು "ಆಯ್ತು ಟೀಚರ್" ಎಂದು ರಾಗ ಎಳೆಯುವುದು. ಯಾರಿಗೂ ಏನೂ ಆಗಿರುವುದಿಲ್ಲ. "ಯೂಸ್ಡ್ ಟು" ಕಲಿಸುತ್ತಿದ್ದೀರಿ ಎಂದುಕೊಳ್ಳಿ. ಬೋರ್ಡಿನಲ್ಲಿ "ಐ ಯೂಸ್ಡ್ ಟು ಲಿವ್ ಇನ್ ಪೆರ್ಲ" ಎಂದು ಬರೆಯಿರಿ. ವಿವರಿಸಬೇಡಿ. ಕೇಳಿ: ನಾನು ಈಗ ಪೆರ್ಲದಲ್ಲಿದ್ದೇನಾ? ಮೊದಲು ಇದ್ದೆನಾ? ಒಂದೇ ದಿನವಾ, ತುಂಬಾ ದಿನವಾ? ಉತ್ತರ ಬರುವುದರಲ್ಲೇ ಅರ್ಥ ಆಯಿತೋ ಇಲ್ಲವೋ ಗೊತ್ತಾಗುತ್ತದೆ. ಆಮೇಲೆ ಮಕ್ಕಳೇ ಇಬ್ಬಿಬ್ಬರಾಗಿ ಮಾತಾಡಲಿ, ನೀವು ಓಡಾಡಿ ಕೇಳಿಸಿಕೊಳ್ಳಿ. ಈಗಿನ ನಿಮ್ಮ ಕ್ಲಾಸಿನಲ್ಲೇ ಹೀಗೆ ಮಾಡಿ, ಹಿಂದಿನ ಬೆಂಚಿನಲ್ಲಿ ಮೊಬೈಲ್ ಇಟ್ಟು ನಿಮ್ಮ ದನಿ ರೆಕಾರ್ಡ್ ಮಾಡಿ. ಕಾಲುಗಂಟೆಯಲ್ಲಿ ನೀವೆಷ್ಟು ಮಾತಾಡಿದಿರಿ, ಮಕ್ಕಳೆಷ್ಟು ಎಂದು ಲೆಕ್ಕ ಹಾಕಿ. ನಾಚಿಕೆಯಾಗುತ್ತದೆ. ನನಗೂ ಆಗಿತ್ತು.

ಒಂದು ವಿಷಯಕ್ಕೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಟೀಚರನ್ನು ಹಾಕಿದಾಗ ಎಷ್ಟು ಪ್ರತಿಭಟನೆ ಆಗಿದೆ, ನೀವೂ ನೋಡಿದ್ದೀರಿ. ಮಾಲ್ದೀವ್ಸ್‌ಗೆ ಹೋದ ಮೊದಲ ವಾರ ಒಂದನೇ ಕ್ಲಾಸಿನ ಮುಂದೆ ನಿಂತಾಗ ನನಗೆ ಅದು ಹೊಳೆಯಿತು: ಆ ಭಾಷೆ ಬಾರದ ಟೀಚರ್ ಈಗ ನಾನೇ. ಒಬ್ಬ ಹುಡುಗ ಇಂಗ್ಲಿಷ್ ಪುಸ್ತಕವನ್ನು ಹಿಂದಿನಿಂದ ತೆರೆದು ಕೂತಿದ್ದ. ಅವರ ದಿವೇಹಿ ಬರವಣಿಗೆ ಬಲದಿಂದ ಎಡಕ್ಕೆ ಎಂಬುದೇ ನನಗೆ ಗೊತ್ತಿರಲಿಲ್ಲ, ಗದರಿದೆ. ಅವನು ಪುಸ್ತಕ ಮುಚ್ಚಿ ಕೂತುಬಿಟ್ಟ. ಶಾಲೆಯ ಆಯಾ ಹತ್ತಿರ ದಿನಕ್ಕೆ ಐದು ಪದ ಕಲಿಯಲು ಶುರು ಮಾಡಿದ್ದು ಆ ಸಂಜೆ. ನೀವೂ ಹೊರಡುವ ಮೊದಲು ಅರಬ್ಬಿಯ ನಾಲ್ಕು ಮಾತು ಕಲಿತಿರಿ.

ಕೊನೆಗೆ ದಿನಗಳ ಲೆಕ್ಕ. ಯುಎಇಯ ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ. ಅವರು ಟೀಚರುಗಳನ್ನು ಹುಡುಕುವುದು ಅದಕ್ಕೆ ಮೊದಲಿನ ಮೂರು ತಿಂಗಳಲ್ಲಿ. ಅಷ್ಟರೊಳಗೆ ನಿಮ್ಮ ಫೈಲು ತಯಾರಿರಬೇಕು. ಶಾಲೆಯ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಕೇಳಿ: ಸೇರಿದ ದಿನ, ಕಲಿಸಿದ ತರಗತಿ, ವಿಷಯ ಇರಲಿ. ಕೆಲಸ ಬಿಡುತ್ತೇನೆ ಎಂದು ಹೇಳುವ ಮೊದಲೇ ಕೇಳಿ, ಆಮೇಲೆ ಕೇಳಿದರೆ ಮುಖ ಬೇರೆಯಾಗಿರುತ್ತದೆ. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ, ಶುಲ್ಕ 500 ರೂಪಾಯಿ. ಅದನ್ನು ಕೊನೆಗೆ ಮಾಡಿಸಿ, ಹಳತಾದರೆ ಒಪ್ಪುವುದಿಲ್ಲ.

ಕೊಣಾಜೆಯ ವಿಶ್ವವಿದ್ಯಾಲಯಕ್ಕೆ ಓಣಂ ರಜೆಯಲ್ಲಿ ಹೋಗಿ. ನಿಮಗೆ ಇಲ್ಲಿ ಹತ್ತು ದಿನ ಶಾಲೆ ಇರುವುದಿಲ್ಲ, ತಲಪಾಡಿ ದಾಟಿದರೆ ಅಲ್ಲಿ ಆಫೀಸು ತೆರೆದಿರುತ್ತದೆ. ಗಡಿಯಲ್ಲಿ ಹುಟ್ಟಿದ್ದಕ್ಕೆ ಇಷ್ಟಾದರೂ ಲಾಭ ಬೇಡವೇ? ಹೊರಡುವ ಮೊದಲು ಕ್ಯಾಲೆಂಡರ್ ಒಮ್ಮೆ ನೋಡಿ. ಕೆಲವು ವರ್ಷ ಅದರ ಆಸುಪಾಸಿನಲ್ಲೇ ಚೌತಿಯೂ ಬಂದುಬಿಡುತ್ತದೆ.